ದಾರಿ ತಪ್ಪಿದ ಚಾಳೀಸು

ನಮ್ಮ ದೊಡ್ಡಪ್ಪನವರಿಗೆ ಚಾಳೀಸು ಬರಲೇ ಇಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ, ಪೇಪರನ್ನು ದೂರ ಹಿಡಿದು ಕತ್ತು ಹಿಂದಕ್ಕೆಳೆಯಬೇಕಾಗುತ್ತದೆ, ಕೊನೆಗೆ ಮೂಗಿನ ಮೇಲೆ ಕನ್ನಡಕ ಏರುತ್ತದೆ. ಇದನ್ನೇ ನಮ್ಮ ಕಡೆ ಚಾಳೀಸು ಎನ್ನುವುದು.

“ಚಾಳೀಸ್ ಅಂದ್ರೆ ನಲವತ್ತು. ನನಗೀಗ ಅರವತ್ತು. ಇಷ್ಟು ವರ್ಷ ಬರದೇ ಇದ್ದದ್ದು ಇನ್ನೆಲ್ಲಿಂದ ಬರುತ್ತೆ? ಅದಕ್ಕೆ ನನ್ನ ವಿಳಾಸ ಸಿಕ್ಕಿಲ್ಲ” ಎನ್ನುತ್ತಿದ್ದರು.

ಸಿಗದಿದ್ದರೆ ಆಶ್ಚರ್ಯವೂ ಇಲ್ಲ. ಐವತ್ತರ ದಶಕದ ರಾಜಾಜಿನಗರದಲ್ಲಿ ಅಂಚೆಯವನಿಗೇ ವಿಳಾಸ ಸಿಗುತ್ತಿರಲಿಲ್ಲ. ಬ್ಲಾಕು, ಕ್ರಾಸು, ಮೇನು ಎಲ್ಲವೂ ಇದ್ದವು. ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ಕಲ್ಲು ನೆಟ್ಟ ಸೈಟುಗಳಲ್ಲಿ ಎಮ್ಮೆಗಳು ಮೇಯುತ್ತಿದ್ದವು. ನಮ್ಮ ಬ್ಲಾಕು ಮುಗಿಯುವಲ್ಲಿಗೆ ರಾಗಿ ಹೊಲ ಶುರುವಾಗುತ್ತಿತ್ತು. ನಾನು ಆಗಷ್ಟೇ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಸೇರಿ, ದೊಡ್ಡಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಬಿಡಾರ ಹೂಡಿದ್ದೆ. ಅವರ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರಿಂದ ಮನೆಯಲ್ಲಿ ಇದ್ದದ್ದು ದೊಡ್ಡಪ್ಪ, ದೊಡ್ಡಮ್ಮ ಮತ್ತು ನಾನು.

ದೊಡ್ಡಪ್ಪ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಊರೂರ ಹೊಲಗಳನ್ನು ಸರಪಳಿ ಹಿಡಿದು ಅಳೆದವರು. ನಿವೃತ್ತಿಯ ಮೇಲೂ ಅಭ್ಯಾಸ ಬಿಡುತ್ತದೆಯೇ? ಬೆಳಗ್ಗೆ ಬೀದಿಯ ನಡುವೆ ನಿಂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳೆತ್ತಿ, “ಈ ರೋಡು ಸೊಟ್ಟ ಇದೆ” ಎಂದು ತೀರ್ಪು ಕೊಟ್ಟ ಮೇಲೆಯೇ ಅವರ ಕಾಫಿ. ಕಾಫಿಯ ಜೊತೆಗೆ ದೊಡ್ಡಮ್ಮ ಪೇಪರು ಓದಬೇಕು. ಮೊದಲ ಪುಟದಿಂದ ಕೊನೆಯ ಪುಟದ ಮದುವೆ ಜಾಹೀರಾತಿನವರೆಗೆ ಗಟ್ಟಿಯಾಗಿ ಓದಬೇಕು, ಇವರು ಕಣ್ಣು ಮುಚ್ಚಿ ಕೇಳಬೇಕು. ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿ.

“ನೀವೇ ಓದಬಹುದಲ್ಲ ದೊಡ್ಡಪ್ಪ?” ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಆಫೀಸಲ್ಲಿ ಸಾಹೇಬರು ತಾವೇ ಓದ್ತಾರೇನೋ? ಗುಮಾಸ್ತ ಓದ್ತಾನೆ, ಸಾಹೇಬರು ಕೇಳ್ತಾರೆ” ಎಂದರು. ಗುಮಾಸ್ತನಾದ ನಾನು ಬಾಯಿ ಮುಚ್ಚಿಕೊಂಡೆ.

ಆದರೆ ಒಂದು ದಿನ ದೊಡ್ಡಮ್ಮ ಒಲೆಯ ಮೇಲಿನ ಹಾಲು ನೋಡಲು ಎದ್ದಾಗ, ದೊಡ್ಡಪ್ಪ ಪೇಪರನ್ನು ಕೈಗೆತ್ತಿಕೊಂಡು ಓದತೊಡಗಿದರು. ಕನ್ನಡಕವಿಲ್ಲದೆ, ಸಣ್ಣಕ್ಷರದ ಜಾಹೀರಾತನ್ನು ಕೂಡ! ಅಂದಿನಿಂದ ಅವರನ್ನು ಹಿಡಿಯುವವರೇ ಇಲ್ಲ. ಉಪ್ಪಿನಕಾಯಿ ಶೀಶೆಯ ಚೀಟಿ, ಬೆಂಕಿಪೊಟ್ಟಣದ ಬೆನ್ನು, ಪಂಚಾಂಗದ ಅಡಿಟಿಪ್ಪಣಿ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದರು. “ಎಲ್ಲರ ಕಣ್ಣಿಗೂ ವಯಸ್ಸು ಏರುತ್ತೆ. ನನ್ನದು ಇಳೀತಾ ಇದೆ” ಎಂದು ಎದುರು ಮನೆಯ ಮೇಷ್ಟರಿಗೆ ಹೇಳಿಬಂದರು. ಪೇಪರು ಓದುವ ಕೆಲಸ ಹೋದ ದೊಡ್ಡಮ್ಮ ಆ ಹೊತ್ತಿಗೆ ಅವರೆಕಾಯಿ ಸುಲಿಯಲು ಕೂತರು.

ಇಷ್ಟಾದರೂ ನನಗೊಂದು ಅನುಮಾನವಿತ್ತು. ಕೈಯಲ್ಲಿದ್ದದ್ದು ಚೆನ್ನಾಗಿ ಕಾಣುತ್ತಿದ್ದ ದೊಡ್ಡಪ್ಪನಿಗೆ ಬೀದಿಯಾಚೆ ಇದ್ದದ್ದು ಬೇರೆಯೇ ಏನೋ ಆಗಿ ಕಾಣುತ್ತಿತ್ತು. ಬಸ್ಸಿನ ಬೋರ್ಡು ಓದಲಾಗದಿದ್ದರೆ ತಪ್ಪು ಬೋರ್ಡಿನದು. “ಈಗಿನ ಪೇಂಟರುಗಳಿಗೆ ಕೈ ನಡುಗುತ್ತೆ. ನಮ್ಮ ಕಾಲದಲ್ಲಿ ಅಕ್ಷರ ಅಂದ್ರೆ ಅಕ್ಷರ” ಎನ್ನುತ್ತಿದ್ದರು. ಒಂದು ಸಂಜೆ ಗೇಟಿನಲ್ಲಿ ನಿಂತು ಮೇಷ್ಟರಿಗೆ ಕೈಮುಗಿದು, ಊಟ ಆಯ್ತೇ ಎಂದು ವಿಚಾರಿಸಿ, ಉತ್ತರ ಬಾರದ್ದರಿಂದ ಮುಖ ಸಿಂಡರಿಸಿಕೊಂಡು ಒಳಗೆ ಬಂದರು. ಮೇಷ್ಟರು ಆಗ ಮೈಸೂರಿನಲ್ಲಿದ್ದರು. ತಂತಿಯ ಮೇಲೆ ಒಣಗುತ್ತಿದ್ದದ್ದು ಅವರ ಕೋಟು. “ಕೋಟೇ ಇರಲಿ, ಗಾಳಿಗೆ ತಲೆಯಾದರೂ ಆಡಿಸಬಹುದಿತ್ತು” ಎಂದು ದೊಡ್ಡಪ್ಪ ವಾದಿಸಿದರು.

ಇನ್ನು ಅರುಂಧತಿಯ ವಿಷಯಕ್ಕೆ ಬರಬೇಕು. ಮದುವೆಯಲ್ಲಿ ಗಂಡು ಹೆಣ್ಣಿಗೆ ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರ ಎಲ್ಲರಿಗೂ ಗೊತ್ತು. ಈಗಿನವರು ಮಟಮಟ ಮಧ್ಯಾಹ್ನದಲ್ಲಿ ಚಪ್ಪರದಾಚೆ ಬಂದು, ಪುರೋಹಿತರು “ಕಂಡಿತೇನಮ್ಮ?” ಎಂದ ತಕ್ಷಣ “ಕಂಡಿತು” ಎಂದು ಊಟಕ್ಕೆ ಓಡುತ್ತಾರೆ. ಇದನ್ನು ಕಂಡರೆ ದೊಡ್ಡಪ್ಪನಿಗೆ ಮೈಯೆಲ್ಲ ಉರಿ. “ಸಂಸಾರ ಶುರು ಮಾಡೋದೇ ಸುಳ್ಳಿನಿಂದ. ನಮ್ಮ ಮದುವೇಲಿ ನಾನು ಪುರೋಹಿತರ ಹತ್ರ ಹಟ ಹಿಡಿದು, ರಾತ್ರಿವರೆಗೆ ಕಾದು, ಇವಳ ಕೈಹಿಡಿದು ನಿಜವಾದ ನಕ್ಷತ್ರ ತೋರಿಸಿದ್ದೀನಿ. ನಿಜವಾಗಿ ನೋಡಿದವರು ಅಂದ್ರೆ ನಾವಿಬ್ಬರೇ” ಎಂದು ನೆಂಟರ ಪ್ರತಿ ಮದುವೆಯಲ್ಲೂ ಭಾಷಣ ಮಾಡುತ್ತಿದ್ದರು. ಆಗೆಲ್ಲ ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮಗ್ನರಾಗಿರುತ್ತಿದ್ದರು.

ಪ್ರತಿ ವರ್ಷ ಯುಗಾದಿ ಕಳೆದ ಮೇಲೆ, ಸಪ್ತರ್ಷಿ ಮಂಡಲ ಉತ್ತರದಲ್ಲಿ ಮೇಲೇರಿದಾಗ, ದೊಡ್ಡಪ್ಪ ತಾರಸಿ ಹತ್ತುತ್ತಿದ್ದರು. ಬಾಲದ ನಡುವಿನದು ವಸಿಷ್ಠ. ಅದಕ್ಕೆ ಅಂಟಿಕೊಂಡ ಸಣ್ಣ ಚುಕ್ಕೆ ಅರುಂಧತಿ. ಇದೇ ಅವರ ವಾರ್ಷಿಕ ಕಣ್ಣಿನ ಪರೀಕ್ಷೆ. ಆದರೆ ಈ ಪರೀಕ್ಷೆಗೆ ಒಂದು ಬಾಲ ಉಂಟು: ಅರುಂಧತಿ ಕಾಣದಾದವನು ಆರು ತಿಂಗಳೊಳಗೆ ಈ ಲೋಕ ಬಿಟ್ಟು ಹೊರಡುತ್ತಾನೆ ಎಂಬ ಹಳೆಯ ನಂಬಿಕೆ. ದೊಡ್ಡಪ್ಪ ಅದನ್ನು ಸರ್ಕಾರಿ ಆದೇಶದಷ್ಟೇ ಗಟ್ಟಿಯಾಗಿ ನಂಬಿದ್ದರು.

ಆ ವರ್ಷ ಅರುಂಧತಿ ಕಾಣಲಿಲ್ಲ.

ಮೊದಲು ಹೊಸ ಬೀದಿದೀಪದ ಮೇಲೆ ತಪ್ಪು ಹೊರಿಸಿದರು. ಮರುದಿನ ನನ್ನನ್ನು ಕರೆದುಕೊಂಡು ದೀಪವಿಲ್ಲದ ಹೊಲದವರೆಗೆ ನಡೆದರು. ಬಹಳ ಹೊತ್ತು ತಲೆಯೆತ್ತಿ ನಿಂತಿದ್ದು, “ನಿನಗೆ ಕಾಣ್ತಿದೆಯೇನೋ?” ಎಂದರು. ನನಗೆ ಬುದ್ಧಿ ಕಡಿಮೆ. “ಚೆನ್ನಾಗಿ ಕಾಣ್ತಿದೆ ದೊಡ್ಡಪ್ಪ” ಎಂದುಬಿಟ್ಟೆ. ಅವರು ಪಂಚೆ ಕೊಡವಿ ಮನೆಯ ಕಡೆ ತಿರುಗಿದರು.

ಅಲ್ಲಿಂದ ಹೊರಡುವ ಸಿದ್ಧತೆ ಶುರುವಾಯಿತು. ದರ್ಜಿಯ ಬಳಿ ಹೋಗಿ ಹೊಸ ಷರಟು ಬೇಡವೆಂದರು. ತಮ್ಮ ಕೊಡೆಯನ್ನು ನನಗೆ ಕೊಟ್ಟರು. ಸಂಜೆ ಮಳೆ ಬಂದಿದ್ದರಿಂದ ವಾಪಸು ತೆಗೆದುಕೊಂಡರು. ಇದೇ ಕೊನೆಯ ಮಾವಿನ ಹಂಗಾಮು ಎಂದು ಬುಟ್ಟಿಗಟ್ಟಲೆ ತಂದು ತಿಂದು ಹೊಟ್ಟೆ ಕೆಡಿಸಿಕೊಂಡು, “ನೋಡಿದ್ಯಾ, ಶುರುವಾಯ್ತು” ಎಂದರು. ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದರೆ, “ಹೊರಡೋ ರೈಲಿಗೆ ಬಣ್ಣ ಹೊಡೆಸ್ತಾರೇನೋ?” ಎಂದು ಗದರಿದರು.

ನಾವು ನಕ್ಕೆವು. ಆದರೆ ದೊಡ್ಡಪ್ಪ ನಿಜವಾಗಿ ಹೆದರಿದ್ದರು. ಊಟದ ನಡುವೆ ಕೈ ನಿಲ್ಲಿಸಿ ದೊಡ್ಡಮ್ಮನನ್ನು ನೋಡುತ್ತಾ ಕೂರುತ್ತಿದ್ದರು. ಆ ಭಯ ತಮ್ಮ ಸಲುವಾಗಿ ಅಲ್ಲ ಎಂಬುದು ನನಗೆ ತಿಳಿದದ್ದು ಒಂದು ಭಾನುವಾರ, ದೊಡ್ಡಮ್ಮನನ್ನು ಬಸ್‌ಸ್ಟಾಪಿಗೆ ಹೊರಡಿಸಿದಾಗ.

“ಇವಳು ಒಂದು ದಿನವೂ ಒಬ್ಬಳೇ ಬಸ್ ಹತ್ತಿದವಳಲ್ಲ. ನಾಳೆ ಮಗಳ ಮನೆಗೆ ಹೋಗಬೇಕು ಅಂದ್ರೆ ಯಾರು ಕರ್ಕೊಂಡು ಹೋಗ್ತಾರೆ? ಕಲಿಸ್ಬೇಕು” ಎಂದರು. ನಾನೂ ಜೊತೆಗೆ ಹೋದೆ.

ದೂರದಲ್ಲಿ ಬಸ್ಸು ಕಾಣಿಸಿತು. “ಬೋರ್ಡು ಓದು ನೋಡೋಣ” ಎಂದರು ದೊಡ್ಡಪ್ಪ.

ದೊಡ್ಡಮ್ಮ ಸದ್ದು ಬಂದ ಕಡೆಗೆ ಮುಖ ತಿರುಗಿಸಿದರು.

“ದಿನಾ ಪೇಪರ್ ಓದಿದವಳು, ಇಷ್ಟು ದಪ್ಪ ಅಕ್ಷರ ಓದೋಕಾಗಲ್ವಾ?”

“ನನಗೆ ಬಸ್ಸೇ ಕಾಣ್ತಿಲ್ಲ” ಎಂದರು ದೊಡ್ಡಮ್ಮ. “ಸದ್ದು ಕೇಳ್ತಿದೆ, ಅಷ್ಟೇ.”

ಬಸ್ಸು ಬಂತು, ನಿಂತಿತು, ಹೋಯಿತು. ಮೂವರೂ ಅಲ್ಲೇ ನಿಂತಿದ್ದೆವು.

“ಯಾವಾಗಿಂದ?” ಎಂದರು ದೊಡ್ಡಪ್ಪ.

“ಚಿಕ್ಕಂದಿನಿಂದ. ಎಲ್ಲರಿಗೂ ಹೀಗೇ ಅಂದ್ಕೊಂಡಿದ್ದೆ. ಆಮೇಲೆ ನೀವಿದ್ರಿ. ಯಾರು ಬರ್ತಿದಾರೆ, ಯಾವ ಬಸ್ಸು ಅಂತ ನೀವೇ ಹೇಳ್ತಿದ್ರಿ. ನನಗೆ ಬೇಕೇ ಆಗಲಿಲ್ಲ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದರು: “ಆ ನಕ್ಷತ್ರಾನೂ ನಾನು ನೋಡಿಲ್ಲ. ಕಂಡಿಲ್ಲ ಅಂದ್ರೆ ಮದುವೆ ನಿಂತುಹೋಗುತ್ತೇನೋ ಅಂತ ಭಯ ಆಯ್ತು. ಕಂಡಿತು ಅಂದುಬಿಟ್ಟೆ. ನಿಮ್ಮ ಆರು ತಿಂಗಳ ಲೆಕ್ಕ ನಿಜ ಆಗಿದ್ರೆ ನಾನು ಎಂದೋ ಹೋಗಿರ್ಬೇಕಿತ್ತು. ಇದೀನಲ್ಲ. ಸುಮ್ಮನೆ ಡಾಕ್ಟರ ಹತ್ರ ನಡೀರಿ.”

ದೊಡ್ಡಪ್ಪ ಎದುರು ಮಾತಾಡದೆ ನಡೆದರು. ನಾನು ಕಂಡಂತೆ ಅದೇ ಮೊದಲ ಸಲ.

ಪೇಟೆಯ ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ತೋರಿಸಿದರು. ಮೇಲಿನ ದಪ್ಪ ಸಾಲು ಮುಗಿಸಿ ದೊಡ್ಡಪ್ಪ ಗತ್ತಿನಿಂದ “ರ” ಎಂದರು.

“ರ ಅಲ್ಲ, ಠ.”

“ಎರಡಕ್ಕೂ ಏನು ಮಹಾ ವ್ಯತ್ಯಾಸ ಸಾರ್? ಹೊಟ್ಟೇಲಿ ಒಂದು ಚುಕ್ಕೆ ತಾನೇ?”

“ಆ ಚುಕ್ಕೆ ಕಾಣುತ್ತಾ ಅನ್ನೋದೇ ಪರೀಕ್ಷೆ” ಎಂದರು ಡಾಕ್ಟರು. ಆಮೇಲೆ ಬಿಡಿಸಿ ಹೇಳಿದರು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತದೆ. ಪೊರೆ ಬರುವ ಮೊದಲು ಕೆಲವರಿಗೆ ಹತ್ತಿರದ್ದು ಕನ್ನಡಕವಿಲ್ಲದೆಯೇ ಕಾಣತೊಡಗುತ್ತದೆ, ಅದೇ ಕಾರಣಕ್ಕೆ ದೂರದ್ದು ಮಂಜಾಗುತ್ತದೆ. ಪೇಪರು ಓದಿಸಿದ್ದೂ ಅದೇ, ನಕ್ಷತ್ರ ಕಿತ್ತುಕೊಂಡದ್ದೂ ಅದೇ.

“ಹಾಗಾದ್ರೆ ನನಗೆ ಚಾಳೀಸು ಬರಲೇ ಇಲ್ಲ ಅಲ್ವಾ?” ದೊಡ್ಡಪ್ಪ ಕೊನೆಯ ಆಸೆಯಿಂದ ಕೇಳಿದರು.

“ಬಂದೇ ಇರುತ್ತೆ ಯಜಮಾನರೇ. ಇಷ್ಟು ದಿನ ನಿಮ್ಮನೇಲಿ ಪೇಪರ್ ಯಾರು ಓದ್ತಿದ್ರು?”

ದೊಡ್ಡಪ್ಪ ದೊಡ್ಡಮ್ಮನ ಕಡೆ ನೋಡಿದರು. ನನಗೆ ಆಗ ಅರ್ಥವಾಯಿತು. ಹತ್ತಿರದ್ದನ್ನೆಲ್ಲ ದೊಡ್ಡಮ್ಮ ಓದಿದ್ದರು, ದೂರದ್ದನ್ನೆಲ್ಲ ದೊಡ್ಡಪ್ಪ ಹೇಳಿದ್ದರು. ಇಬ್ಬರ ನಡುವೆ ಸರಿಯಾದ ಒಂದು ಜೊತೆ ಕಣ್ಣಿತ್ತು; ಅದಕ್ಕೇ ಇಬ್ಬರಿಗೂ ಕೊರತೆ ತಿಳಿದಿರಲಿಲ್ಲ.

ದೊಡ್ಡಮ್ಮನ ಕಣ್ಣನ್ನೂ ಪರೀಕ್ಷೆ ಮಾಡಿಸಿ ಕನ್ನಡಕದ ಅಂಗಡಿಗೆ ಹೋದೆವು. ಅಂಗಡಿಯವರು ಈ ವಾರ ಒಂದನ್ನು ಮಾತ್ರ ಮಾಡಿಕೊಡಲು ಸಾಧ್ಯ, ಇನ್ನೊಂದು ಮುಂದಿನ ವಾರ ಎಂದರು.

“ಅವಳದ್ದು ಮಾಡಿ. ನನಗೆ ಇನ್ನೂ ಐದು ತಿಂಗಳು ಟೈಮಿದೆ” ಎಂದರು ದೊಡ್ಡಪ್ಪ.

ಕನ್ನಡಕ ಬಂದ ಸಂಜೆ ಊಟ ಮುಗಿಸಿ ಮೂವರೂ ತಾರಸಿ ಹತ್ತಿದೆವು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ತಲೆಯೆತ್ತಿದವರು, ಎಷ್ಟೋ ಹೊತ್ತು ಹಾಗೆಯೇ ನಿಂತಿದ್ದರು. “ಇಷ್ಟೊಂದಾ?” ಎಂದರು ಮೆಲ್ಲಗೆ. ನಾನು ಸಪ್ತರ್ಷಿಗಳ ಬಾಲ ತೋರಿಸಿದೆ. ಹುಡುಕಿದರು, ಸಿಕ್ಕಿತು.

“ಅಷ್ಟು ಹತ್ರ ಇದಾಳಾ ಅವಳು? ಅವರು ತಪಸ್ಸಿಗೆ ಕೂತಿರ್ತಾರೆ, ಇವಳು ಎಲ್ಲೋ ದೂರದಲ್ಲಿ ಅಡುಗೆ ಮಾಡ್ಕೊಂಡಿರ್ತಾಳೆ ಅಂದ್ಕೊಂಡಿದ್ದೆ.”

ಪಕ್ಕದಲ್ಲಿ ದೊಡ್ಡಪ್ಪ ಬರಿಗಣ್ಣನ್ನು ಕಿರಿದು ಮಾಡಿ ಬೇರೆಲ್ಲೋ ನೋಡುತ್ತಿದ್ದರು. ದೊಡ್ಡಮ್ಮ ಅವರ ಕೈಹಿಡಿದು, ತೋರುಬೆರಳನ್ನು ನೆಟ್ಟಗೆ ಮಾಡಿ, ಉತ್ತರದ ಕಡೆ ಎತ್ತಿ ಹಿಡಿದರು.

“ಅಲ್ಲಿ. ದೊಡ್ಡದರ ಪಕ್ಕದಲ್ಲಿ. ಕಂಡಿತಾ?”

ಮದುವೆಮನೆಗಳಲ್ಲಿ ಸುಳ್ಳು ಹೇಳಿದವರನ್ನು ಜನ್ಮವಿಡೀ ಬೈದ ನಮ್ಮ ದೊಡ್ಡಪ್ಪ, ಮಂಜಿನಂಥ ಆ ಆಕಾಶವನ್ನೊಮ್ಮೆ, ಕನ್ನಡಕ ಹಾಕಿಕೊಂಡಿದ್ದ ದೊಡ್ಡಮ್ಮನ ಮುಖವನ್ನೊಮ್ಮೆ ನೋಡಿದರು.

“ಕಂಡಿತು ಕಣೇ” ಎಂದರು.