ಸಾದಗಪ್ಪು ಕುದುರೆ ಮತ್ತು ಟಾಂಗಾ ಬಿಲ್ಲೆ

ಪ್ರಾಣಿ ಕಟ್ಟಿಕೊಂಡು ಹೊಟ್ಟೆ ಹೊರೆಯುತ್ತೇನೆ ಅಂದವನನ್ನು ಕಚೇರಿಯವರು ಸುಮ್ಮನೆ ಬಿಟ್ಟದ್ದುಂಟೇ? ಎಪ್ಪತ್ತರ ದಶಕದಲ್ಲಿ ರಾಯಚೂರಿನ ಮುದುಕನೊಬ್ಬನಿಂದ ಟಾಂಗಾ, ಕುದುರೆ ಎರಡೂ ಕೊಂಡೆ. “ದಾರಿಯೆಲ್ಲಾ ಅದಕ್ಕ ಗೊತ್ತದ. ನೀ ಲಗಾಮು ಹಿಡ್ಕೊಂಡು ಕುಂತ್ರ ಸಾಕು,” ಅಂದಿದ್ದ. ಆದರೆ ಪರವಾನಗಿಯ ಹಿತ್ತಾಳೆ ಬಿಲ್ಲೆ ಇಲ್ಲದೆ ಟಾಂಗಾ ರಸ್ತೆಗಿಳಿಯುವಂತಿರಲಿಲ್ಲ. “ಕುದುರಿ ಕುಂತು ತಿನ್ನಾಕತ್ತದ, ನಾವು ಅದರ ಮಾರಿ ನೋಡಾಕತ್ತೀವಿ,” ಎಂದು ಹೆಂಡತಿ ದಿನಾ ಬೆಳಗಾದರೆ ಶುರು ಮಾಡುತ್ತಿದ್ದಳು.

೧. ಯಾರ ಹಲ್ಲು?

ಕಚೇರಿಯ ಗುಮಾಸ್ತರು ತಲೆ ಎತ್ತದೆ ಕೇಳಿದರು, “ಹೆಸರು?”

ಹೇಳಿದೆ.

“ಬಣ್ಣ?”

“ಸಾದಗಪ್ಪು ಅನ್ರಿ.”

“ಹಲ್ಲು?”

“ಮುಂದಿಂದೊಂದು ಅಳ್ಳಾಡತದ್ರಿ.”

“ಒದಿಯೋ ಚಟ ಏನರ?”

“ಛೇ, ಇಲ್ರಿ. ಬೇಕಾದ್ರ ಮನ್ಯಾಕಿನ್ನ ಕೇಳ್ರಿ.”

ಆಗ ತಲೆ ಎತ್ತಿದರು. “ಕುದುರಿದು ಕೇಳಾಕತ್ತೀನೋ ಮಾರಾಯಾ!”

ಮತ್ತೆ ಬರೆಯುವ ಬೇಸರಕ್ಕೆ ಹಾಗೇ ಬಿಟ್ಟರು. ಸರ್ಕಾರದ ಲೆಕ್ಕದಲ್ಲಿ ಸಾದಗಪ್ಪು ಬಣ್ಣದ, ಹಲ್ಲು ಅಳ್ಳಾಡುವ, ಒದೆಯದ ಕುದುರೆ ಇವತ್ತಿಗೂ ನಾನೇ.

೨. ವಿಶ್ರಾಂತಿ

ಕುದುರೆ ಗಟ್ಟಿಮುಟ್ಟಾಗಿದೆ ಎಂದು ದನದ ಡಾಕ್ಟರು ಬರೆದುಕೊಡಬೇಕಿತ್ತು. ರಾಯಚೂರಿನ ದವಾಖಾನೆಯಲ್ಲಿ, “ಡಾಕ್ಟರು ದೇವದುರ್ಗಕ್ಕ ಹೋಗ್ಯಾರ” ಅಂದರು. ಕುದುರೆ ಹಿಡಿದುಕೊಂಡು ದೇವದುರ್ಗಕ್ಕೆ ಹೋದೆ. ಅಲ್ಲಿ, “ಈಗ ಮಾನ್ವಿ ಬಸ್ ಹತ್ತಿದ್ರಲ್ಲಪಾ” ಅಂದರು. ಅಂತೂ ಮಾನ್ವಿಯಲ್ಲಿ ಡಾಕ್ಟರು ಕೈಗೆ ಸಿಗುವ ಹೊತ್ತಿಗೆ ಕುದುರೆ ಕುಂಟುತ್ತಿತ್ತು.

ಅವರು ಮುಟ್ಟಿ ನೋಡಿ ಬರೆದರು: ‘ಅತಿಯಾಗಿ ನಡೆದು ದಣಿದಿದೆ. ವಿಶ್ರಾಂತಿ ಕೊಟ್ಟು ಮತ್ತೆ ಕರೆತರುವುದು.’

ನನಗೆ ಅಳು ಬರುವುದೊಂದು ಬಾಕಿ. “ಸಾಹೇಬ್ರ, ನಾನೂ ಅಷ್ಟೇ ನಡದೀನ್ರಿ. ನನಗೂ ಒಂದು ವಿಶ್ರಾಂತಿ ಬರ್ದು ಕೊಡ್ರಿ.”

“ನಾ ಬರೆಯೋದು ಮೂಕ ಪ್ರಾಣಿಗಷ್ಟೇ. ನೀ ಭಾಳ ಮಾತಾಡ್ತಿ.”

೩. ಮಾತು ಕೇಳುವ ಕುದುರೆ

ಕಾಲು ನೆಟ್ಟಗಾಗಿ, ಡಾಕ್ಟರ ಕಾಗದವೂ ಸಿಕ್ಕಿತು. ಕೊನೆಗೆ ಉಳಿದವರು ಟಾಂಗಾ ತಪಾಸಣೆಯ ಸಾಹೇಬರು. ಮಹಾ ಕಟ್ಟುನಿಟ್ಟು. ಗಂಟೆ ಸಣ್ಣದೆಂದು ಒಮ್ಮೆ, ಲಾಂದ್ರಕ್ಕೆ ಮಸಿ ಹಿಡಿದಿದೆಯೆಂದು ಇನ್ನೊಮ್ಮೆ ವಾಪಸು ಕಳಿಸಿದರು. ಆಮೇಲೊಂದು ದಿನ ತಾವೇ ಹತ್ತಿ ಕುಳಿತರು.

“ಕುದುರಿ ಹೇಳಿದ ಮಾತು ಕೇಳ್ತದೋ ಇಲ್ಲೋ ನೋಡೇಬಿಡೋಣು. ಕೇಳಲಿಲ್ಲಂದ್ರ ಬಿಲ್ಲೆ ಇಲ್ಲ. ನಡಿ ಸ್ಟೇಷನ್‌ಗೆ.”

ಕುದುರೆ ಒಮ್ಮೆ ಹಿಂದಿರುಗಿ ಸಾಹೇಬರನ್ನು ನೋಡಿ ಹೊರಟಿತು. ಸ್ಟೇಷನ್ ತಿರುವಿನಲ್ಲಿ ನಾನು ಎಡಕ್ಕೆ ಜಗ್ಗಿದರೆ ಅದು ಬಲಕ್ಕೆ ತಿರುಗಿತು. ಬೈದೆ, ಬೇಡಿಕೊಂಡೆ. ಕೇಳಲಿಲ್ಲ. ಸೀದಾ ಹೋಗಿ ಸೇಂದಿ ಅಂಗಡಿಯ ಮುಂದೆ ನಿಂತಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಅಂಗಡಿಯವನು ತುಂಬಿದ ಗಡಿಗೆ ಹಿಡಿದು ಓಡಿಬಂದ. “ಬರ್ರಿ ಸಾಹೇಬ್ರ! ಮುದುಕ ಟಾಂಗಾ ಬಿಟ್ಟಮ್ಯಾಗ ಈ ಕಡೆ ಬರೋದೇ ಬಿಟ್ರಲ್ರಿ. ಅದ ಕುದುರಿ ಮತ್ತ ಸಿಕ್ತೇನ್ರಿ?”

ಸಾಹೇಬರು ಟೊಪ್ಪಿಗೆಯನ್ನು ಹುಬ್ಬಿನ ಮೇಲೆ ಎಳೆದುಕೊಂಡರು. ನಾನು ಲಗಾಮು ಜಗ್ಗುತ್ತಾ, “ತಪ್ಪಾತ್ರಿ, ಇದು ಹೇಳಿದ ಮಾತು ಕೇಳಂಗಿಲ್ರಿ,” ಅಂದೆ.

“ಕೇಳ್ತದ, ಕೇಳ್ತದ. ಭಾಳ ಚಲೋ ಕೇಳ್ತದ,” ಅಂದರು ಸಾಹೇಬರು. ಕೋಟಿನ ಕಿಸೆಯಿಂದ ಬಿಲ್ಲೆ ತೆಗೆದು ನನ್ನತ್ತ ಚಾಚಿದರು, ಆದರೆ ಹಿಡಿತ ಬಿಡಲಿಲ್ಲ. “ಕುದುರಿ ಏನೋ ಮೂಕ ಪ್ರಾಣಿ. ನೀ?”

ಬಿಲ್ಲೆಯ ಇನ್ನೊಂದು ತುದಿ ಹಿಡಿದುಕೊಂಡು ಹೇಳಿದೆ, “ಕಚೇರ್‍ಯಾಗ ನೋಡ್ರಿ ಸಾಹೇಬ್ರ. ಕುದುರಿ ಅಂತ ಬರ್ದಿರೋದು ನನ್ನ ಹೆಸರೇ.”