ನಾಲ್ಕನೇ ಜ್ವರ

ಹೊಂಗನೂರಿನ ಸಿದ್ಧಾರ್ಥನನ್ನು ಆ ದಿನ ಪೇಚಿಗೆ ಸಿಕ್ಕಿಸಿದ್ದು ಜ್ವರ. ಅದೂ ಅವನದಲ್ಲ, ರೇಷ್ಮೆ ಹುಳುಗಳದ್ದು. ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲುಗಾಡದೆ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೇ ಹುಳು ಗೂಡು ಕಟ್ಟುವುದು. ಅಂದು ನಾಲ್ಕನೆಯದು.

"ಹುಳ ಜ್ವರಕ್ಕೆ ಕೂತವೆ, ಸದ್ದಾಗಬಾರ್ದು. ಬಾಯಿ ಬುಟ್ಟೀಯಾ, ಜ್ವಾಕೆ!" ಎಂದು ಅವ್ವ ಸರ್ವಮಂಗಳ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದಳು.

ಸಿದ್ಧಾರ್ಥನಿಗೋ ಬಾಯಿ ಬಿಡದೆ ಗತಿಯಿಲ್ಲ. ಮೊಬೈಲು ನೋಡಿ ರ‍್ಯಾಪ್ ಕಲಿತ ಹುಡುಗ. ಸೊಪ್ಪು ತುಂಬುವ ಬಿದಿರು ಬುಟ್ಟಿ, ಮಂಕರಿಯನ್ನು ಬೋರಲು ಹಾಕಿ ಬಡಿದೇ ತಾಳ ಕಲಿತವನು. ಭಾನುವಾರ ರಾಮನಗರದಲ್ಲಿ ಹಿಪ್-ಹಾಪ್ ಕಾರ್ಯಕ್ರಮ. ಹಾಡು ಕಳಿಸಲು ಅಂದು ಸಂಜೆಯೇ ಕೊನೆ. ಆಯ್ಕೆಯಾದರೆ ಅದೇ ಅವನ ಮೊದಲ ವೇದಿಕೆ. ಆದರೆ ಹಾಡು 'ಮುದ್ದೆ' ಎಂಬಲ್ಲಿಗೆ ಬಂದು, ಪ್ರಾಸ ಸಿಗದೆ, ಕೆಸರಿಗಿಳಿದ ಟ್ರ್ಯಾಕ್ಟರಿನಂತೆ ನಿಂತಿತ್ತು.

ಒಂದು ದಿನ ವಾಯಿದೆ ಕೇಳೋಣವೆಂದು ಹಿತ್ತಿಲಿಗೆ ಹೋಗಿ, ಕಾರ್ಯಕ್ರಮ ನಡೆಸುವ ಬೆಂಗಳೂರಿನ ಜಾರಾಗೆ ಫೋನು ಮಾಡಿದ.

"ಮೇಡಂ, ಇವತ್ತು ಆಗಾಕಿಲ್ಲ. ಮನೇಲಿ ಜ್ವರ."

"ಅಯ್ಯೋ! ಯಾರಿಗೆ?"

"ಎಲ್ಲಾವುಕ್ಕೂ. ನಾಲ್ಕನೇ ಜ್ವರ. ನೆನ್ನೆಯಿಂದ ಒಂದೂ ಬಾಯಿಗೆ ಏನೂ ಮುಟ್ಟಿಸಿಲ್ಲ."

"ಪಾಪ, ಮಕ್ಕಳಾ?"

"ಮಕ್ಕಳಂಗೇ ಸಾಕಿರಾದು ಮೇಡಂ."

"ಡಾಕ್ಟರಿಗೆ ತೋರಿಸಿದ್ರಾ?"

"ಡಾಕ್ಟ್ರು ಯಾಕೆ? ಸುಮ್ಕೆ ಬುಟ್ರೆ ಸಂಜೆಗೆ ಎದ್ದು ತಿಂತವೆ. ಏಳ್ದೇ ಇದ್ದೋವ ತಿಪ್ಪೆಗೆ ಎಸ್ದುಬುಟ್ರಾಯ್ತು."

ಅತ್ತ ಕಡೆಯಿಂದ "ಹಾ!" ಎಂಬ ಉಸಿರು ಕೇಳಿಸಿ ಫೋನು ಸತ್ತಿತು. ವಾಯಿದೆ ಸಿಗಲಿಲ್ಲವೆಂದುಕೊಂಡ ಸಿದ್ಧಾರ್ಥ, ಕಂಬಳಿ, ಮಂಕರಿ ಹೊತ್ತು ಹಿಪ್ಪುನೇರಳೆ ತೋಟಕ್ಕೆ ನಡೆದ. ಗಾಳಿಯ ಸದ್ದು ಸೇರಬಾರದೆಂದು ಉರಿಬಿಸಿಲಲ್ಲಿ ಕಂಬಳಿ ಮುಸುಕಿಕ್ಕಿ, ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಶುರು ಮಾಡಿದ.

"ಮುದ್ದೆ... ಮುದ್ದೆ... ನಾ ಗೆದ್ದೆ... ಥೂ, ಮುದ್ದೆ..."

ಜಾರಾ ಮಾತ್ರ ಮುಖ ಕಂಡಿರದ ಮಕ್ಕಳಿಗಾಗಿ ಕೈಕಟ್ಟಿ ಕೂರದೆ, 108ಕ್ಕೆ ಫೋನು ಮಾಡಿ ಸಿದ್ಧಾರ್ಥ ಮೊದಲೇ ಬರೆಸಿದ್ದ ವಿಳಾಸ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲೇ ಊರಿಗೆ ಆಂಬುಲೆನ್ಸ್ ನುಗ್ಗಿತು. ಪಕ್ಕದ ಮನೆಯ ಹುಚ್ಚಯ್ಯ ಎದುರು ಸಿಕ್ಕವನು, ಸಿದ್ಧಾರ್ಥನ ಹೆಸರು ಕೇಳುತ್ತಲೇ ತೋಟದ ಕಡೆಗೆ ಗಾಡಿಯ ಮುಂದೆ ಮುಂದೆ ಓಡಿದ.

"ಅಕಾ ನೋಡಿ ನರ್ಸಮ್ಮ! ಈ ಬಿಸ್ಲಲ್ಲಿ ಕಂಬ್ಳಿ! ಮುದ್ದೆ ಮುದ್ದೆ ಅಂತ ಬಡಬಡಿಸ್ತಾವ್ನೆ. ನೆತ್ತಿಗೇರ್ಬುಟ್ಟೈತೆ!"

"ಇಲ್ಲ ದೊಡ್ಡಪ್ಪ, ನಾನು..." ಎನ್ನುವಷ್ಟರಲ್ಲಿ ನರ್ಸು ಬಾಯಿಗೆ ಥರ್ಮಾಮೀಟರು ತುರುಕಿ, "ಮಾತಾಡಬೇಡ" ಎಂದಳು. ದಿನಾ ಇವನ ಹಾಡಿಗೆ ಶಾಪ ಹಾಕುತ್ತಿದ್ದ ಹುಚ್ಚಯ್ಯನೇ ಹೆಗಲ ಮೇಲಿನ ಟವಲು ನೆನೆಸಿ ತಂದು ಅವನ ಹಣೆಗೆ ಹಾಕಿದ. ಯಾರೋ ಗಂಜಿ, ಇನ್ಯಾರೋ ನಿಂಬೆಹಣ್ಣು ತಂದರು. ಮಂಕರಿಯ ಪಕ್ಕದಲ್ಲಿ ಮೊಬೈಲು ಎಲ್ಲವನ್ನೂ ನುಂಗುತ್ತ ಬಿದ್ದಿತ್ತು.

ಅಷ್ಟರಲ್ಲಿ ಕುಡುಗೋಲು ಹಿಡಿದೇ ಸರ್ವಮಂಗಳ ಓಡಿ ಬಂದಳು. ಸಂಗತಿ ತಿಳಿಯುತ್ತಲೇ ಕುಡುಗೋಲಿನ ಹಿಡಿಯಿಂದ ಮಂಕರಿಗೆ ಮಾತಿಗೊಂದು ಏಟು ಹಾಕುತ್ತ ಶುರು ಮಾಡಿದಳು:

"ತಿನ್ನಾಕೆ ಬೇಕು ಮೂರು ಮುದ್ದೆ, ಸೊಪ್ಪು ಕೊಯ್ಯಂದ್ರೆ ನಿದ್ದೆ! ಜ್ವರ ಬಂದಿದ್ದು ಹುಳಕ್ಕೆ, ಆಂಬುಲೆನ್ಸು ಹೊಲಕ್ಕೆ! ನಿನ್ನ ಹೆತ್ತ ತಪ್ಪಿಗೆ, ನಾನೋಗ್ಲೇನ್ಲಾ ತಿಪ್ಪೆಗೆ?"

"ಹುಳಕ್ಕಾ!" ಎಂದು ನರ್ಸು ತಲೆ ಚಚ್ಚಿಕೊಂಡಳು. "ನಮ್ಮನೇಲೂ ಹುಳ ಮೇಯಿಸ್ತೀವಿ ಕಣಮ್ಮ. ಸದ್ಯ, ಮಕ್ಕಳಿಗಲ್ವಲ್ಲ!" ಊರಿಗೆ ಊರೇ ನಿಟ್ಟುಸಿರು ಬಿಟ್ಟು ನಕ್ಕಿತು. ಗಂಜಿ ತಂದಾಗಿತ್ತು, ಡ್ರೈವರು ಕುಡಿದ. ಹುಳುಗಳಿಗೆ ತೊಂದರೆಯಾಗದಿರಲೆಂದು ಆಂಬುಲೆನ್ಸ್ ಸೈರನ್ ಹಾಕದೆ, ಬೆಕ್ಕಿನಂತೆ ಊರು ದಾಟಿತು.

ಜಾರಾಗೆ ವಿಷಯ ತಿಳಿಸಿ ಕ್ಷಮೆ ಕೇಳುವಷ್ಟರಲ್ಲಿ ಸಂಜೆಯಾಗಿತ್ತು. ಮತ್ತೆ ಹಾಡಲು ಹೊತ್ತಿಲ್ಲ. ಮೊದಲ ಭಾಗದಲ್ಲಿ ತನ್ನ ಹಾಡಿದೆಯಲ್ಲ ಎಂದು ಸಿದ್ಧಾರ್ಥ ಆ ರೆಕಾರ್ಡಿಂಗನ್ನೇ ಇಡಿಯಾಗಿ ಕಳಿಸಿದ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು.

"ಆಯ್ಕೆ ಆಯ್ತು ಸಿದ್ಧಾರ್ಥ! ಎಲ್ಲರೂ ಕುಣಿದುಬಿಟ್ರು!"

"ಅವ್ವಾ!" ಎಂದು ಅವನು ಕುಣಿದೇಬಿಟ್ಟ.

"ಮೊದಲು ಯಾರೋ ಮುದ್ದೆ ಮುದ್ದೆ ಅಂತ ಗೊಣಗ್ತಾರಲ್ಲ, ಅದನ್ನ ತೆಗೆದುಬಿಟ್ವಿ. ಆಮೇಲೆ ಬರ್ತಾರಲ್ಲ, ಆ ರ‍್ಯಾಪರ್ ಅಮ್ಮ ಯಾರು? ಭಾನುವಾರ ಅವರನ್ನೇ ಕಳಿಸಿ."

ಒಳಗೆ ಜ್ವರ ಬಿಟ್ಟ ಹುಳುಗಳು ಚರಚರನೆ ಸೊಪ್ಪು ಮೇಯತೊಡಗಿದ್ದವು. ಅವನ ಕಿವಿಗೆ ಅದು ಅವ್ವನಿಗೆ ಬಿದ್ದ ಚಪ್ಪಾಳೆಯಂತೆ ಕೇಳಿಸಿತು. ಎಲ್ಲ ಕೇಳಿಸಿಕೊಂಡ ಸರ್ವಮಂಗಳ ಸೆರಗು ಸರಿಮಾಡಿಕೊಂಡು, ಮಂಕರಿಯನ್ನು ಅವನ ತಲೆಗೇರಿಸಿದಳು.

"ಭಾನ್ವಾರ ಹುಳಕ್ಕೆ ನೀನೇ ಸೊಪ್ಪು ಹಾಕು ಮಗ. ಪ್ರಾಸ ಏನಾರ ಸಿಗ್ದಿದ್ರೆ ಫೋನ್ ಮಾಡು, ಬುಡುವಿದ್ರೆ ಎತ್ಕತೀನಿ."