ನನಗೇನಾಗಿಲ್ಲ ಬಿಡ್ರಿ

ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನಗುವುದಕ್ಕೆ ಬರವಿಲ್ಲ. ಮೂತ್ರಕ್ಕೆ ಅಂತ ಡಬ್ಬಿ ಕೊಟ್ಟು ಕಳಿಸಿದರೆ ಅದನ್ನು ಥಳಥಳ ತೊಳೆದು ವಾಪಸ್ ತಂದಿಟ್ಟವರಿದ್ದಾರೆ. ಸೂಜಿ ಕಂಡ ಕೂಡಲೇ ನನ್ನ ಮೇಲೇ ದೊಪ್ಪನೆ ಬಿದ್ದ ಪೈಲ್ವಾನರಿದ್ದಾರೆ. ಹತ್ತೊಂಬತ್ತು ವರ್ಷದಿಂದ ಇಂಥದ್ದನ್ನು ನೋಡಿ, ಸಂಜೆ ಮನೆಯಲ್ಲಿ ಹೇಳಿ ನಗಿಸುವುದು ನನಗೆ ರೂಢಿ. ಆದರೆ ಹೋದ ವರ್ಷ ಒಂದರ ಹಿಂದೊಂದು ನಡೆದವಲ್ಲ, ಅವುಗಳದ್ದೇ ಬೇರೆ ಕಥೆ. ಯಾಕೆಂದರೆ ಅವನ್ನೆಲ್ಲ ಮಾಡಿದವಳು ನಾನೇ.

ನಮ್ಮ ಲ್ಯಾಬ್ ಇರುವುದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಜೊತೆಗಿದ್ದ ಹುಡುಗಿ ಹೆರಿಗೆಗೆ ಹೋದಳು. ಅದೇ ತಿಂಗಳು ನಮ್ಮ ಡಾಕ್ಟರು, ಅಂದರೆ ಲ್ಯಾಬಿನ ಮಾಲೀಕರು, ಹರಿಹರದಲ್ಲಿ ಇನ್ನೊಂದು ಶಾಖೆ ತೆರೆದರು. "ಎರಡು ತಿಂಗಳು ಸುಧಾರಿಸ್ರಿ ಮೇಡಂ, ಬೇರೆಯವರನ್ನ ಹುಡುಕಾಕತ್ತೀನಿ" ಅಂದರು. ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ದಾವಣಗೆರೆ, ಆಮೇಲೆ ಬಸ್ಸು ಹತ್ತಿ ಹರಿಹರ, ಸಂಜೆ ತಿರುಗಿ ದಾವಣಗೆರೆ. ಎರಡು ತಿಂಗಳು ಅಂದಿದ್ದು ಹನ್ನೊಂದು ತಿಂಗಳಾಯಿತು. ಯಾರಾದರೂ "ಯಾಕ್ರಿ, ಮುಖ ಬಾಡೈತೆ?" ಅಂದರೆ ನನ್ನ ಉತ್ತರ ಒಂದೇ: "ನನಗೇನಾಗಿಲ್ಲ ಬಿಡ್ರಿ."

ಬಸ್ಸಿನಲ್ಲಿ ಸಿಕ್ಕ ನರ

ಮೊದಲು ಗಾಬರಿಯಾಗಿದ್ದು ಹರಿಹರದ ಬಸ್ಸಿನಲ್ಲಿ. ನನಗೆ ಸೀಟು ಸಿಕ್ಕಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು. ಆಕೆಯ ಗಂಡ ನಮ್ಮ ಮುಂದೆ ಸೀಟಿನ ಕಂಬಿ ಹಿಡಿದು ನಿಂತಿದ್ದ. ಅರ್ಧ ತೋಳಿನ ಅಂಗಿ, ಗಟ್ಟಿಮುಟ್ಟಾದ ಕೈ.

ಅವತ್ತು ಬೆಳಿಗ್ಗೆಯಿಂದ ನನಗೆ ಒಂದೂ ಸರಿಯಾದ ನರ ಸಿಕ್ಕಿರಲಿಲ್ಲ. ಒಬ್ಬರದ್ದು ಜಾರುತ್ತದೆ, ಇನ್ನೊಬ್ಬರದ್ದು ಕಾಣುವುದೇ ಇಲ್ಲ. ಈ ಮನುಷ್ಯನ ಮೊಣಕೈ ಒಳಗಡೆ ನೋಡಿದರೆ ಹಗ್ಗದಂಥ ನರ! ನಾನು ಏನು ಮಾಡುತ್ತಿದ್ದೇನೆ ಅನ್ನುವುದು ನನಗೇ ಗೊತ್ತಿಲ್ಲ. ಆತನ ಕೈ ಹಿಡಿದು, ಎರಡು ಬೆರಳಲ್ಲಿ ಪಟಪಟ ತಟ್ಟಿ, "ಮುಷ್ಟಿ ಬಿಗಿ ಹಿಡೀರಿ" ಅಂದೆ. ಪಾಪ, ಆತ ಹಿಡಿದೂಬಿಟ್ಟ!

ಪಕ್ಕದ ಹೆಂಗಸು ಎದ್ದೇ ನಿಂತಳು. "ಏನ್ರಿ ಇದು? ನಮ್ಮನೆಯೋರ ಕೈ ಯಾಕ ಹಿಡ್ಕಂಡೀರಿ?"

ಆಗ ನನಗೆ ಎಚ್ಚರ. ಬಸ್ಸೆಲ್ಲ ನನ್ನನ್ನೇ ನೋಡುತ್ತಿದೆ. ನಲವತ್ತಾರು ವರ್ಷದ ಹೆಂಗಸು, ಬೇರೆಯವರ ಗಂಡನ ಕೈ ಹಿಡಿದು ಕೂತಿದ್ದೇನೆ. "ತಪ್ಪು ತಿಳಿಬ್ಯಾಡ್ರಿ, ನಾನು ಲ್ಯಾಬಿನಾಕಿ. ಇವ್ರ ನರ ಭಾಳ ಚಲೋ ಐತ್ರಿ" ಅಂದೆ.

ಆಕೆ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮೆಲ್ಲಗೆ ಕೂತಳು. "ಮದುವಿ ಆಗಿ ಇಪ್ಪತ್ತೆರಡು ವರ್ಷ ಆತು," ಅಂದಳು. "ಇವ್ರತ್ರ ಚಲೋದು ಅಂತ ಒಂದು ಐತೆ ಅನ್ನೋದು ಇವತ್ತೇ ಗೊತ್ತಾಗಿದ್ದು."

ನನ್ನ ಹೆಸರಿನ ರಿಪೋರ್ಟು

ಇದಾದ ಹದಿನೈದು ದಿನಕ್ಕೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಬಾಗಿಲು ಮುಂದೆ ಮಾಡಿದರು. "ಕೂಡ್ರಿ ಮೇಡಂ" ಅಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ನನಗೆ ಕೂಡ್ರಿ ಅಂದಿದ್ದು ಅದೇ ಮೊದಲು.

"ನಿನ್ನೆ ಹರಿಹರದಿಂದ ಬಂದ ಸ್ಯಾಂಪಲ್‌ನಾಗೆ ನಿಮ್ಮದೂ ಇತ್ತು. ಪ್ರಾಸ್ಟೇಟ್ ಪರೀಕ್ಷೆ ಮಾಡ್ಸೀರಿ. ಸ್ವಲ್ಪ ಜಾಸ್ತಿ ಬಂದೈತೆ" ಅಂದು ರಿಪೋರ್ಟನ್ನೂ ಟ್ಯೂಬನ್ನೂ ನನ್ನ ಕಡೆ ತಳ್ಳಿದರು. ನೋಡಿದರೆ ನನ್ನದೇ ಹೆಸರು, ನನ್ನದೇ ಅಕ್ಷರ.

ಕಣ್ಣಲ್ಲಿ ನೀರು ಬಂತು. "ಸರ್, ಸದ್ಯಕ್ಕೆ ಮನ್ಯಾಗೆ ಹೇಳಬ್ಯಾಡ್ರಿ," ಅಂದೆ. "ಮಗಳದ್ದು ಪರೀಕ್ಷೆ ನಡದೈತೆ."

ಡಾಕ್ಟರು ಕನ್ನಡಕ ತೆಗೆದರು. ನನ್ನನ್ನು ನೋಡಿದರು. "ಮೇಡಂ," ಅಂದರು ನಿಧಾನಕ್ಕೆ, "ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರ್ತೈತೆ."

ದಿನಕ್ಕೆ ನಾಲ್ಕು ಜನಕ್ಕೆ ನಾನೇ ಹೇಳುವ ಮಾತು ಅದು. ಅರ್ಧ ನಿಮಿಷ ಅದೇ ನನ್ನ ತಲೆಯಲ್ಲಿರಲಿಲ್ಲ. ಆಮೇಲೆ ಗೊತ್ತಾಯಿತು, ಹರಿಹರದ ಯಜಮಾನರೊಬ್ಬರ ರಕ್ತ ತೆಗೆದು, ಟ್ಯೂಬಿನ ಮೇಲೆ ಅವರ ಹೆಸರು ಬರೆಯುವ ಬದಲು ನನ್ನ ಹೆಸರು ಬರೆದಿದ್ದೆ. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ನನಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ನನ್ನ ಹೆಸರಾದ್ದರಿಂದ ಸಿಕ್ಕಿಬಿತ್ತು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಗಂಡಸಿನ ಹೆಸರು ಬರೆದಿದ್ದರೆ? ಯಾರಿಗೋ ಬರಬೇಕಾದ ಔಷಧಿ ಇನ್ಯಾರಿಗೋ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವತ್ತೇ ಹರಿಹರಕ್ಕೆ ಹೋಗಿ ಯಜಮಾನರ ಮನೆ ಹುಡುಕಿದೆ. ಮತ್ತೆ ರಕ್ತ ಕೊಡಬೇಕು ಅಂದೆ.

"ಯಾಕವ್ವ, ನಿನ್ನೆ ತಗಂಡಿದ್ದು ಏನಾತು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ತಪ್ಪಿ ನನ್ನ ಹೆಸರಿಗೆ ಹೋತ್ರಿ ಯಜಮಾನ್ರೇ."

ಅವರು ಅಂಗಿ ತೋಳು ಮಡಚುತ್ತಾ ಸಮಾಧಾನ ಹೇಳಿದರು: "ಇರ್ಲಿ ತಗಾ. ನೀನೇನು ಹೊರಗಿನಾಕಿನಾ?"

ದೋಸೆ ಯಾವುದು?

ಇದು ಚಿಕ್ಕದು. ಮಗಳ ಪರೀಕ್ಷೆ ಮುಗಿದ ದಿನ ಮೂರೂ ಜನ ಬೆಣ್ಣೆದೋಸೆ ತಿನ್ನಲು ಹೋದೆವು. ಸಪ್ಲೈಯರ್ ಬಂದು ಮಾಮೂಲಿ ಕೇಳಿದ, "ನಿಮಗೇನ್ರಿ ಅಕ್ಕಾರೆ, ಬೆಣ್ಣೆನಾ, ಖಾಲಿನಾ, ಓಪನ್ನಾ?"

ಹುಟ್ಟಿದಾಗಿನಿಂದ ಈ ಊರಲ್ಲಿದ್ದೇನೆ. ಆ ಪ್ರಶ್ನೆಗೆ ನಿದ್ದೆಯಲ್ಲೂ ಉತ್ತರ ಹೇಳಬಲ್ಲೆ. ಅವತ್ತು ನನಗೆ ಯಾವುದು ಬೇಕು ಅಂತ ಹೊಳೆಯಲೇ ಇಲ್ಲ. ಆತ ಇನ್ನೊಮ್ಮೆ ಕೇಳಿದ. ನಾನು ಗಳಗಳ ಅತ್ತುಬಿಟ್ಟೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ.

ನಮ್ಮ ಮನೆಯವರು ಹೈಸ್ಕೂಲು ಮಾಸ್ತರು. ಮೂವತ್ತು ಮಕ್ಕಳು ಒಟ್ಟಿಗೆ ಅತ್ತರೂ ಸಂಭಾಳಿಸುತ್ತಾರೆ. ಅವರೇ ಕಲ್ಲಿನ ಹಾಗೆ ಕೂತುಬಿಟ್ಟರು. ಮಗಳು "ಅಮ್ಮಾ, ಅಮ್ಮಾ" ಅನ್ನುತ್ತಿದ್ದಾಳೆ. ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದ ಹೋಟೆಲ್ ಮಾಲೀಕರು ಓಡಿ ಬಂದು ಸಪ್ಲೈಯರನಿಗೆ ಗದರಿದರು: "ಏನಂದ್ಯೋ ಅವ್ರಿಗೆ?"

"ನಾನೇನೂ ಅಂದಿಲ್ಲಣ್ಣ! ಓಪನ್ನಾ ಅಂದೆ, ಅವ್ರು ಓಪನ್ ಆಗಿಬಿಟ್ರು!"

ಎಲ್ಲಿ ಸುಟ್ಟೈತೆ?

ಮರುದಿನವೇ ನಮ್ಮ ಮನೆಯವರು ನನ್ನನ್ನು ಎಂ.ಸಿ.ಸಿ. ಬಡಾವಣೆಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಸ್ಸು, ಟ್ಯೂಬು, ದೋಸೆಯ ಕಥೆಗಳನ್ನು ನಾನೇ ತಮಾಷೆ ಮಾಡಿ ಹೇಳಿದೆ. ಆಮೇಲೆ ಪ್ರಶ್ನೆ ನನಗೆ, ಉತ್ತರ ಎಲ್ಲ ಇವರದ್ದು.

"ನಿದ್ದೆ ಹೆಂಗೆ ಬರ್ತೈತೆ?" ಅಂದರು ಡಾಕ್ಟರು.

"ಚೆನ್ನಾಗಿ" ಅಂದೆ.

"ಏಳುವಾಗ ಮಲಗಿದಾಗಿನಕ್ಕಿಂತ ಸುಸ್ತಾಗಿರ್ತಾಳ್ರಿ" ಅಂದರು ಇವರು.

"ಸಿಟ್ಟು ಬರ್ತೈತಾ?"

"ಇಲ್ರಿ."

"ಕುಕ್ಕರ್ ಸೀಟಿ ಹೊಡೆದ್ರೆ ಕುಕ್ಕರಿಗೆ ಬೈತಾಳ್ರಿ."

"ಕೆಲಸದಾಗೆ ಮೊದಲಿನ ಖುಷಿ ಐತಾ?"

ಈ ಪ್ರಶ್ನೆಗೆ ಇವರೂ ನನ್ನ ಮುಖ ನೋಡಿದರು. ಐತೆ ಅನ್ನಲು ಬಾಯಿ ತೆರೆದೆ. ಯಾವಾಗ ಕೊನೆಯ ಸಲ ಲ್ಯಾಬಿನ ಕಥೆ ಹೇಳಿ ಮನೆಯಲ್ಲಿ ನಗಿಸಿದ್ದೆ ಅಂತ ಯೋಚಿಸಿದೆ, ನೆನಪಾಗಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವು ತಮಾಷಿ ಅಂತ ಹೇಳಿದ್ರಲ್ಲ, ಬಸ್ಸು, ಟ್ಯೂಬು, ದೋಸೆ, ಅವೆಲ್ಲ ಲಕ್ಷಣ. ಮೈ ದುಡೀತೈತೆ, ಮನಸ್ಸು ಕೈ ಚೆಲ್ಲೈತೆ. ಇದಕ್ಕೆ ಬರ್ನ್‌ಔಟ್ ಅಂತಾರೆ. ಇನ್ನೂ ಶುರು ಐತೆ, ಈಗ್ಲೇ ತಡೀರಿ. ಇಪ್ಪತ್ತು ದಿನ ರಜಾ ಹಾಕ್ರಿ" ಅಂದು ಚೀಟಿ ಬರೆದರು.

"ನನಗೇನಾಗಿಲ್ಲ ಬಿಡ್ರಿ" ಅಂದು ನಾನು ಚೀಟಿ ಬ್ಯಾಗಿಗೆ ತುರುಕಿದೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಎಪ್ಪತ್ತೆಂಟು ವರ್ಷ, ಕಿವಿ ಮಾತ್ರ ಚುರುಕು. ಇವರು "ಬರ್ನ್‌ಔಟ್ ಅಂತವ್ವ" ಅಂದರು. ಸುಟ್ಟಗಾಯದ ಮುಲಾಮಿನ ಜಾಹೀರಾತು ನೋಡಿ ಅತ್ತೆಗೆ ಬರ್ನ್ ಅಂದರೆ ಏನು ಅಂತ ಗೊತ್ತು. ನನ್ನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಎಲ್ಲಿ ಸುಟ್ಕಂಡೆ? ನನಗ್ಯಾಕ ಹೇಳಲಿಲ್ಲ?"

"ಹೊರಗಲ್ಲ ಅತ್ತಿ. ಒಳಗೆ ಸುಟ್ಟೈತಂತೆ" ಅಂದೆ.

ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. ಒಂದು ಕ್ಷಣ ಯೋಚಿಸಿದರು. "ಹಂಗಾದ್ರೆ ಮುಲಾಮು ಬ್ಯಾಡ," ಅಂದರು. "ಮಜ್ಜಿಗಿ ಕುಡಿ."

ನಾಳೆ ಬರ್ರಿ

ಇಷ್ಟಾದರೂ ನಾನು ರಜೆ ಹಾಕಲಿಲ್ಲ. ಆ ವಾರ ಹರಿಹರದಲ್ಲಿ ನಾದಿನಿಯ ಹೊಸ ಮನೆಯ ಗೃಹಪ್ರವೇಶ. ಅವತ್ತೂ ಬೆಳಿಗ್ಗೆ ಲ್ಯಾಬಿಗೆ ಹೋಗಿ, ನಲವತ್ತು ಜನರ ರಕ್ತ ತೆಗೆದು, ಅಲ್ಲೇ ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತಿದೆ.

ಗೃಹಪ್ರವೇಶದ ಜೊತೆಗೆ ಇನ್ನೊಂದು ಮುಖ್ಯ ಕೆಲಸವಿತ್ತು. ನಾದಿನಿಯ ಮಗಳನ್ನು ಹತ್ತಿರದ ಬಾತಿ ಊರಿನ ಒಂದು ಮನೆತನದವರು ನೋಡಿ ಮೆಚ್ಚಿಕೊಂಡಿದ್ದರು. ಅವತ್ತು ಬಂದು, ಊಟ ಮಾಡಿ, ನಿಶ್ಚಿತಾರ್ಥದ ಮಾತು ಮುಗಿಸುವುದು ಅಂತ ಆಗಿತ್ತು. ನಾನು ಅವರನ್ನು ನೋಡಿರಲಿಲ್ಲ.

"ಅತ್ತಿಗಿ, ನೀವು ಬಾಗಿಲಾಗೆ ನಿಂತು ಪನ್ನೀರು ಹಾಕ್ರಿ ಸಾಕು. ಬ್ಯಾರೆ ಏನೂ ಮಾಡಬ್ಯಾಡ್ರಿ" ಅಂದಳು ನಾದಿನಿ. ನಾನು ಪನ್ನೀರುದಾನಿ ಹಿಡಿದು ನಿಂತೆ. ಜನ ಸಾಲಾಗಿ ಬರುತ್ತಿದ್ದರು. ಪನ್ನೀರು, ನಗು, ಬರ್ರಿ ಬರ್ರಿ. ಪನ್ನೀರು, ನಗು, ಬರ್ರಿ ಬರ್ರಿ.

ಮಧ್ಯಾಹ್ನ ಒಂದೂವರೆಯಾಯಿತು. ಎರಡು ಪಂಕ್ತಿ ಎದ್ದವು. ಬಾತಿಯವರ ಸುಳಿವಿಲ್ಲ. ನಾದಿನಿ ಒಳಗೆ ಹೊರಗೆ ಓಡಾಡುತ್ತಿದ್ದಾಳೆ. ಹುಡುಗಿ ಕೋಣೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದೆ. ಕೊನೆಗೆ ನಾದಿನಿಯ ಗಂಡ ಫೋನು ಮಾಡಿದರು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

"ಯಾಕ್ರಿ, ಬರಲೇ ಇಲ್ಲ?"

ಆ ಕಡೆಯಿಂದ ಹುಡುಗನ ತಂದೆಯ ದನಿ, ಭಾಳ ಮರ್ಯಾದೆಯ ದನಿ: "ಬಂದಿದ್ವಲ್ರಿ! ಹನ್ನೆರಡಕ್ಕೇ ಬಂದಿದ್ವಿ. ಬಾಗಿಲಾಗೆ ಅಮ್ಮಾರೊಬ್ಬರು ನಿಂತಿದ್ರು. ಖಾಲಿ ಹೊಟ್ಟೇಲಿ ಬಂದೀರಾ ಅಂತ ಕೇಳಿದ್ರು. ಇಲ್ರಿ, ಎರಡು ಇಡ್ಲಿ ತಿಂದೀವಿ ಅಂದೆ. ಹಂಗಾದ್ರೆ ಇವತ್ತು ಆಗಲ್ಲ, ನಾಳೆ ಬೆಳಿಗ್ಗೆ ಏನೂ ತಿನ್ನದೆ ಬರ್ರಿ, ನೀರು ಬೇಕಾದ್ರೆ ಕುಡೀರಿ ಅಂದ್ರು. ಅದಕ್ಕೇ ವಾಪಸ್ ಬಂದ್ವಿ."

ಬೆಳಿಗ್ಗೆ ಸಕ್ಕರೆ ಪರೀಕ್ಷೆಗೆ ಬಂದವರಿಗೆ ನಾನು ದಿನಾ ಹೇಳುವ ಮಾತು, ಒಂದಕ್ಷರ ಬಿಡದೆ.

ಮನೆಯವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಇನ್ನೂ ಪನ್ನೀರುದಾನಿ. ನಾನು ಹಾಗೆ ಅಂದಿದ್ದು ನನಗೆ ನೆನಪೇ ಇಲ್ಲ. ಅವರ ಮುಖ ನೆನಪಿಲ್ಲ, ಮಾತು ನೆನಪಿಲ್ಲ. ಹಗಲು ಹೊತ್ತಿನಲ್ಲಿ, ಕಣ್ಣು ಬಿಟ್ಟುಕೊಂಡು, ಹುಡುಗಿಯ ಬಾಳಿನ ಮಾತಿಗೆ ಬಂದವರನ್ನು ಬಾಗಿಲಿನಿಂದಲೇ ಕಳಿಸಿದ್ದೆ. ಅಲ್ಲಿಯವರೆಗೆ ನನಗೇನೋ ಆಗಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಆ ಕ್ಷಣ ನನಗೇ ಗೊತ್ತಾಯಿತು.

ನಾದಿನಿಯ ಗಂಡ ಬೆವರು ಒರೆಸಿಕೊಂಡು, "ಹೌದೌದು, ನಾಳೇನೇ ಬರ್ರಿ" ಅಂದು ಫೋನು ಇಟ್ಟರು.

ನಾನು ಹಿತ್ತಲಿಗೆ ಹೋಗಿ ನಮ್ಮ ಡಾಕ್ಟರಿಗೆ ಫೋನು ಮಾಡಿದೆ. "ಸರ್, ನಾಳೆಯಿಂದ ಇಪ್ಪತ್ತು ದಿನ ರಜಾ."

"ಯಾಕ್ ಮೇಡಂ, ಏನಾತು?"

"ಬೀಗರನ್ನ ವಾಪಸ್ ಕಳಿಸೀನಿ ಸರ್."

ಅವರಿಗೆ ಪ್ರಾಸ್ಟೇಟ್ ವಿಷಯ ನೆನಪಾಗಿರಬೇಕು. "ತಗಳ್ರಿ ಮೇಡಂ," ಅಂದರು. "ನಾನೂ ಇಷ್ಟು ದಿನ ಎಳೀಬಾರದಿತ್ತು. ಹರಿಹರದ್ದು ನಾನು ನೋಡ್ಕಂತೀನಿ."

ನಾದಿನಿ ಒಂದು ಮಾತೂ ಬೈಯಲಿಲ್ಲ. ತಟ್ಟೆಯಲ್ಲಿ ಹೋಳಿಗೆ ತಂದು ಪಕ್ಕದಲ್ಲಿ ಕೂತಳು. "ತಿನ್ರಿ ಅತ್ತಿಗಿ. ಎಷ್ಟು ದಿನ ಆತು ನೀವು ಕೂತು ಉಂಡು?" ಅಂದಳು. ಅವತ್ತು ಅಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಮನೆ ಮುಂದೆ ಕಾರು ನಿಂತಿತು. ಹುಡುಗ, ತಂದೆ, ತಾಯಿ, ಚಿಕ್ಕಪ್ಪ, ಅಜ್ಜಿ, ಐದೂ ಜನ ಇಳಿದರು. ಎಲ್ಲರ ಮುಖ ಬಾಡಿದೆ. ಹುಡುಗನ ತಂದೆ ಕೈ ಮುಗಿದರು. "ನಿನ್ನೆ ಸಂಜೆ ಉಂಡಿದ್ದೇ ಕೊನೀರಿ. ಅವ್ವನೂ ನೀರು ಬಿಟ್ಟು ಏನೂ ಮುಟ್ಟಿಲ್ಲ. ನಿಮ್ಮ ಮನೆತನದ ಪದ್ಧತಿ ಯಾವುದು ಅಂತ ನಮಗೆ ತಿಳಿಲಿಲ್ಲ, ಆದ್ರೆ ಸಂಬಂಧ ಬೆಳೆಸಾಕೆ ಬಂದೀವಿ, ನಡೆಸಿಕೊಡ್ತೀವಿ. ಎಲ್ಲಿ ಕೂಡ್ರಬೇಕು ಹೇಳ್ರಿ."

ನನಗೆ ತಡೆಯಲಾಗಲಿಲ್ಲ. ಮುಂದೆ ಬಂದು ಎಲ್ಲವನ್ನೂ ಹೇಳಿದೆ. ಲ್ಯಾಬು, ಹನ್ನೊಂದು ತಿಂಗಳು, ಡಾಕ್ಟರ ಚೀಟಿ. ಅಜ್ಜಿಯ ಕಾಲಿಗೂ ಬಿದ್ದೆ. ನಾದಿನಿ ಉಸಿರು ಬಿಗಿಹಿಡಿದು ನಿಂತಿದ್ದಳು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಹುಡುಗ ನಕ್ಕ. ಆಮೇಲೆ ಅವನ ತಾಯಿ. ಒಳಗೆ ಬಾಗಿಲ ಸಂದಿಯಿಂದ ನಮ್ಮ ಹುಡುಗಿ ಕಿಸಕ್ಕೆಂದಿದ್ದು ಎಲ್ಲರಿಗೂ ಕೇಳಿತು. ನಾದಿನಿ ಬಿಟ್ಟ ಉಸಿರು ಬೀದಿಗೂ ಕೇಳಿರಬೇಕು. ಉಪ್ಪಿಟ್ಟು ತರಲು ಅಡುಗೆಮನೆಗೆ ಓಡಿದಳು.

"ಏ ತಡೆಯವ್ವ, ಈಗ್ಲೇ ಬ್ಯಾಡ!" ಅಂತ ಅಜ್ಜಿ ಕೂಗಿದರು. ನನ್ನ ಮುಂದೆ ಕುರ್ಚಿ ಎಳೆದು ಕೂತು, ಸೆರಗು ಸರಿಸಿ, ಕೈ ಚಾಚಿದರು. "ಹೆಂಗಿದ್ರೂ ಖಾಲಿ ಹೊಟ್ಟಿ ಐತೆ. ಸಕ್ಕರಿ ಎಷ್ಟೈತೆ ಒಂದು ನೋಡಿಬಿಡು." ಅವರ ಹಿಂದೆ ಹುಡುಗನ ತಂದೆ, ಚಿಕ್ಕಪ್ಪ, ಇಬ್ಬರೂ ಆಗಲೇ ಅಂಗಿ ತೋಳು ಮಡಚುತ್ತಿದ್ದರು.

ಹತ್ತೊಂಬತ್ತು ವರ್ಷದಲ್ಲಿ ಚಾಚಿದ ಕೈಗೆ ಇಲ್ಲ ಅಂದವಳಲ್ಲ ನಾನು. ಅವತ್ತು ಅಜ್ಜಿಯ ಕೈಯನ್ನು ಮೆಲ್ಲಗೆ ಮಡಚಿ ಅವರ ಮಡಿಲಿಗೇ ಇಟ್ಟೆ.

"ಆಗಲ್ಲ ಅಜ್ಜಿ," ಅಂದೆ. "ನಾನು ರಜಾದಾಗ ಇದೀನಿ."